ಮಾಸದ ಚುಕ್ಕೆಗಳು

ಸೋಮವಾರ ಬೆಳಿಗ್ಗೆ ಸಂಶೋಧನಾಲಯದ ಪ್ರಯೋಗ ಕೋಣೆಯ ಬಾಗಿಲು ತೆಗೆದಾಗ ಸಂಶೋಧಕಿ ಒರಿತೊ ಸನಾಯೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಅಡಿಯಿಂದ ಮುಡಿಯವರೆಗೆ ಧೂಳು ತಡೆಯುವ ಬಿಳಿ ಉಡುಪು. ಕೈಯಲ್ಲಿ ಸ್ಕ್ರೂಡ್ರೈವರ್. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ಕೆಲಸದ ನಡುವೆ ಒಂದು ಗಳಿಗೆ ಕಣ್ಣು ಮುಚ್ಚಿದಂತಿತ್ತು.

ಸತ್ತು ಎರಡು ದಿನವಾಗಿತ್ತು. ಅಷ್ಟು ಹೊತ್ತೂ ಅವಳನ್ನು ಯಾರೂ ಹುಡುಕಿರಲಿಲ್ಲ.

ಇನ್ಸ್‌ಪೆಕ್ಟರ್ ಕುಜೆ, ಜಪಾನಿನ ಸುವಾ ಸರೋವರದ ದಂಡೆಯ ಠಾಣೆಯಿಂದ ಗುಡ್ಡ ಹತ್ತಿ ಬಂದಳು. ಹಿಮ ಬೀಳುತ್ತಿತ್ತು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಸತ್ತವಳ ಫೋನು ಹೊರಗಿನ ಬೀರುವಿನಲ್ಲಿತ್ತು. ಕುಜೆ ಅದನ್ನು ತೆಗೆದು ನೋಡಿದಳು. ಶನಿವಾರ, ಭಾನುವಾರ ಒಂದೇ ಒಂದು ಕರೆ ಬಂದಿರಲಿಲ್ಲ. ತಾನು ಹೀಗೇ ಬಿದ್ದರೂ ಇದೇ ಗತಿ ಎಂಬ ಯೋಚನೆ ಬಂತು. ಅದನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು.

"ಸಾರಜನಕ ಸೋರಿದೆ ಮೇಡಂ," ಎಂದ ಯಂತ್ರಗಳನ್ನು ನೋಡಿಕೊಳ್ಳುವ ಯುಸಾ. ನಲವತ್ತರ ಆಸುಪಾಸಿನವನು. ತುಟಿ ಬಿಳಿಚಿಕೊಂಡಿತ್ತು. "ಕ್ಯಾಮೆರಾ ತಣ್ಣಗಿಡೋಕೆ ಬೇಕು ಅದು. ವಾಸನೆ ಇಲ್ಲ, ಬಣ್ಣ ಇಲ್ಲ. ಕೋಣೆ ತುಂಬ್ಕೊಂಡ್ರೆ ಉಸಿರಾಡೋಕೆ ಗಾಳಿನೇ ಇರಲ್ಲ. ನಿದ್ದೆ ಬಂದ ಹಾಗೆ ಆಗತ್ತೆ, ಅಷ್ಟೇ."

"ಯಾಕೆ ಸೋರ್ತು?"

"ಕವಾಟದ ರಬ್ಬರ್ ಸವೆದಿತ್ತು. ಹೋದ ತಿಂಗಳೇ ಬದಲಾಯಿಸ್ಬೇಕಿತ್ತು. ನನ್ನ ತಪ್ಪು."

"ಅವಳ ಜೊತೆ ಜಗಳ ಆಡಿದ್ರಂತೆ?"

ಯುಸಾ ತಲೆ ತಗ್ಗಿಸಿದ. "ಕ್ಯಾಮೆರಾ ಪೆಟ್ಟಿಗೆ ಬಿಚ್ಚಿಕೊಡಿ ಅಂದ್ರು. ಬಿಚ್ಚಕೂಡದು ಅಂತ ಮೇಷ್ಟ್ರು, ನಮ್ಮ ಮುಖ್ಯಸ್ಥರು, ಹೇಳಿದ್ರು. ನಾನು ಆಗಲ್ಲ ಅಂದೆ. ಅವರು ಕೂಗಾಡಿದ್ದು ಅದೊಂದೇ ಸಲ. ಮಾತೇ ಆಡದ ಮನುಷ್ಯೆ ಅವರು."

"ಗಾಳಿ ಕೆಟ್ರೆ ಕೂಗೋ ಯಂತ್ರ ಇಲ್ವಾ?"

"ಇದೆ. ಒಳಗಿನ ಗಾಳಿ ಅಳೆಯತ್ತೆ. ಯಂತ್ರ ಇರೋದು ಕಾರಿಡಾರಿನಲ್ಲಿ, ಬಾಗಿಲ ಪಕ್ಕ." ಅವನು ಹಣೆ ಒರೆಸಿಕೊಂಡ. "ಇವತ್ತು ನಾನು, ಮೇಷ್ಟ್ರು ಒಟ್ಟಿಗೆ ಬಾಗಿಲು ತೆಗೆದ್ವಿ. ಒಳಗೆ ಹೋಗ್ಬೇಡ, ಓಡಿ ಆಂಬುಲೆನ್ಸಿಗೆ ಫೋನ್ ಮಾಡು ಅಂದ್ರು. ಮಾಡಿ ಬಂದೆ. ಯಂತ್ರ ಕಿವಿ ಕಿತ್ತುಹೋಗೋ ಹಾಗೆ ಕೂಗ್ತಿತ್ತು."

"ಬಾಗಿಲು ತೆಗೆದಾಗಲೂ ಕೂಗ್ತಿತ್ತಾ?"

ಯುಸಾ ಯೋಚಿಸಿದ. "ಇಲ್ಲ. ಆಗ ಸದ್ದೇ ಇರಲಿಲ್ಲ."

* * *

ಸಂಶೋಧನಾಲಯದ ಮುಖ್ಯಸ್ಥ ಶಿಯೋಜಿ ತೆಳ್ಳಗಿನ ಮನುಷ್ಯ. ಎಲ್ಲರಿಗೂ 'ಮೇಷ್ಟ್ರು'. ತಾವೇ ಹಸಿರು ಚಹಾ ಬಸಿದು ಕೊಟ್ಟರು.

"ಸನಾಯೆ ಕಿವಿಗೆ ಸದಾ ಇಯರ್‌ಫೋನು. ಅಲಾರಂ ಕೇಳಿಸಿರಲ್ಲ ಪಾಪ," ಎಂದರು.

ಇಯರ್‌ಫೋನನ್ನು ಕುಜೆ ಬೀರುವಿನಲ್ಲಿ, ಫೋನಿನ ಪಕ್ಕದಲ್ಲೇ ನೋಡಿದ್ದಳು.

"ಶನಿವಾರ ನೀವೆಲ್ಲಿದ್ರಿ?"

"ಬೆಳಿಗ್ಗೆ ರೈಲಲ್ಲಿ ನಗೋಯಾಗೆ ಹೊರಟೆ. ಮಧ್ಯಾಹ್ನ ಶಾಲಾ ಮಕ್ಕಳಿಗೆ ಭಾಷಣ ಇತ್ತು. ನಾನು ವೇದಿಕೆ ಮೇಲಿದ್ದಾಗಲೇ ಸನಾಯೆ ಇಲ್ಲಿಂದ ವಾರದ ಚಿತ್ರ ಕಳಿಸಿದ್ದಾಳೆ. ಟೋಕಿಯೋ ಸಮಿತಿಗೆ ಪ್ರತಿ ಶನಿವಾರ ಒಂದು ಹೋಗ್ಬೇಕು." ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಕಪ್ಪು ಚೌಕದ ತುಂಬ ಬಿಳಿ ಚುಕ್ಕೆಗಳು.

"ಇದೇನು? ನಕ್ಷತ್ರಗಳಾ?"

ಶಿಯೋಜಿ ಮೊದಲ ಬಾರಿ ನಕ್ಕರು. "ಇನ್ನೂ ಅಲ್ಲ. ವಸಂತ ಕಾಲದಲ್ಲಿ ಈ ಕ್ಯಾಮೆರಾ ಉಪಗ್ರಹದಲ್ಲಿ ಮೇಲೆ ಹೋಗತ್ತೆ. ಕಪ್ಪು ಕುಳಿಗಳಿಂದ ಬರೋ ಎಕ್ಸ್-ಕಿರಣ ಹಿಡಿಯತ್ತೆ. ಒಂದು ಕಿರಣ ಬಿದ್ರೆ ಒಂದು ಚುಕ್ಕೆ. ಅಲ್ಲೀತನಕ ನಕ್ಷತ್ರದ ಬದಲಿಗೆ ವಿಕಿರಣ ಸೂಸೋ ಕಬ್ಬಿಣದ ಚೂರು ಇಟ್ಟು ಪರೀಕ್ಷೆ ಮಾಡ್ತೀವಿ. ಅದಕ್ಕೂ ಮುಪ್ಪು ಬರತ್ತೆ. ಮೂರು ವರ್ಷ ಆಗೋದ್ರೊಳಗೆ ಅರ್ಧಕ್ಕೆ ಇಳಿಯತ್ತೆ. ನನ್ನ ಹಾಗೆ." ಮಾತು ತಗ್ಗಿತು. "ಹದಿನೇಳು ವರ್ಷ ಇದಕ್ಕೇ ಸವೆಸಿದೀನಿ. ಹೆಂಡತಿ ಕಾದೂ ಕಾದೂ ಹೊರಟುಹೋದಳು."

ಕುಜೆಗೆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಅದು ಅವಳಿಗೆ ಹಿಡಿಸಲಿಲ್ಲ.

"ಹಳೆಯ ಚಿತ್ರಗಳೂ ಬೇಕಲ್ಲ. ತೆಳು ಕಾಗದದ ಮೇಲೆ ಅಚ್ಚು ಹಾಕಿಸಿಕೊಡಿ," ಎಂದಳು.

ಠಾಣೆಗೆ ಬರುವಷ್ಟರಲ್ಲಿ ವೈದ್ಯರ ಫೋನು ಬಂತು. ಕೋಣೆ ತಣ್ಣಗಿದ್ದುದರಿಂದ ಸತ್ತ ಹೊತ್ತು ಖಚಿತವಾಗಿ ಹೇಳಲಾಗದು. ಶನಿವಾರ ಬೆಳಿಗ್ಗೆಯೂ ಇರಬಹುದು, ಸಂಜೆಯೂ ಇರಬಹುದು.

ಅಂದರೆ ಸನಾಯೆ ಮಧ್ಯಾಹ್ನ ಬದುಕಿದ್ದಳೆನ್ನಲು ಆ ಚಿತ್ರವೊಂದೇ ಸಾಕ್ಷಿ.

* * *

ಮೇಲಧಿಕಾರಿಗಳಿಗೆ ಯುಸಾನ ನಿರ್ಲಕ್ಷ್ಯವೇ ಸಾಕಾಗಿತ್ತು. ಮರುದಿನವೇ ಬಂಧಿಸಿ ಎಂದರು. ಕುಜೆ ಒಂದು ದಿನ ಕೇಳಿಕೊಂಡಳು.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡಳು. ಮೂಲೆಯಲ್ಲಿ ಒಂದೊಂದನ್ನೂ ಎಷ್ಟು ಹೊತ್ತು ತೆಗೆದದ್ದೆಂದು ಬರೆದಿತ್ತು. ಎಲ್ಲದಕ್ಕೂ ಒಂದೇ ಅವಧಿ. ತಿಂಗಳಿಂದ ತಿಂಗಳಿಗೆ ಚುಕ್ಕೆಗಳು ಕೊಂಚ ಕೊಂಚವೇ ಕಡಿಮೆಯಾಗುತ್ತಾ ಬಂದಿದ್ದವು. ಕಬ್ಬಿಣಕ್ಕೆ ಮುಪ್ಪು.

ಶನಿವಾರದ ಚಿತ್ರ ಮಾತ್ರ ಕಿಕ್ಕಿರಿದಿತ್ತು.

ಅವಳು ನವೆಂಬರಿನ ಒಂದು ಚಿತ್ರವನ್ನು ಅದರ ಮೇಲಿಟ್ಟು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಹಾಗೇ ಬಹಳ ಹೊತ್ತು ನಿಂತಳು. ಒಲೆಯ ಮೇಲೆ ಮಿಸೊ ಸಾರು ಉಕ್ಕಿ ಚೆಲ್ಲಿತು.

* * *

"ಈಗ ಒಂದು ಚಿತ್ರ ತೆಗೆದು ತೋರಿಸಿ ಮೇಷ್ಟ್ರೇ," ಎಂದಳು ಕುಜೆ. ಯುಸಾ ಬಾಗಿಲ ಬಳಿ ನಿಂತಿದ್ದ.

"ಸಾರಜನಕ ಖಾಲಿ. ಕ್ಯಾಮೆರಾ ಬೆಚ್ಚಗಾಗಿದೆ. ಆಗಲ್ಲ."

"ಶನಿವಾರ ಇಷ್ಟೊಂದು ಚುಕ್ಕೆ ಹೇಗೆ ಬಂತು?"

"ಹೆಚ್ಚು ಹೊತ್ತು ತೆಗೆದಿರ್ಬೇಕು."

"ಅವಧಿ ಬರೆದಿದೆ. ಉಳಿದವಷ್ಟೇ."

"ಹೊಸ ಕಬ್ಬಿಣ ಇಟ್ಟಿರ್ಬೇಕು."

"ಅದರ ಪೆಟ್ಟಿಗೆ ಬೀಗದ ಕೈ ನಿಮ್ಮ ಹತ್ರ ಮಾತ್ರ ಇದೆ. ಯುಸಾ ಹೇಳಿದ್ರು. ಹೊಸದು ಬಂದೇ ಇಲ್ಲ."

ಶಿಯೋಜಿ ಯುಸಾನ ಕಡೆ ನೋಡಿದರು.

"ಹಾಗಿದ್ರೆ ಇದು ಕಬ್ಬಿಣ ಚುರುಕಾಗಿದ್ದಾಗಿನ ಚಿತ್ರ. ವರ್ಷಗಳ ಹಿಂದಿನದು." ಕುಜೆ ಎರಡು ಕಾಗದಗಳನ್ನು ಜೋಡಿಸಿ ದೀಪಕ್ಕೆ ಹಿಡಿದಳು. "ಇದು ನವೆಂಬರಿಂದು. ಇದರ ಪ್ರತಿ ಚುಕ್ಕೆನೂ ಶನಿವಾರದ ಒಂದೊಂದು ಚುಕ್ಕೆ ಮೇಲೇ ಕೂತಿದೆ. ಕಿರಣ ಮಳೆಹನಿ ಹಾಗೆ ಬೀಳತ್ತೆ ಅಲ್ವಾ? ಎರಡು ಸಲ ಒಂದೇ ಜಾಗಕ್ಕೆ ಬೀಳತ್ತಾ? ಹಳೆ ಚಿತ್ರದಿಂದ ಅರ್ಧದಷ್ಟು ಚುಕ್ಕೆ ಅಳಿಸಿ ನವೆಂಬರಿನ ಚಿತ್ರ ಮಾಡಿದ್ರಿ. ಶನಿವಾರ ಅಳಿಸೋಕೆ ಪುರುಸೊತ್ತು ಸಿಗಲಿಲ್ಲ. ಹಳೇದನ್ನೇ, ಮಧ್ಯಾಹ್ನ ತಾನಾಗೇ ಹೋಗೋ ಹಾಗೆ, ಸನಾಯೆ ಕಂಪ್ಯೂಟರಿನಲ್ಲಿ ಹೊಂದಿಸಿಟ್ಟು ರೈಲು ಹತ್ತಿದ್ರಿ. ಆಗಲೇ ಅವಳು ಸತ್ತಿದ್ದಳು."

"ಕವಾಟ..." ಎಂದರು ಶಿಯೋಜಿ.

"ಕವಾಟ ಸೋರಲಿಲ್ಲ. ಅವಳು ಒಳಗೆ ಹೋದ ಮೇಲೆ ಹೊರಗಿನಿಂದ ನೀವು ತೆಗೆದ್ರಿ. ಅಲಾರಮ್ಮಿನ ಪ್ಲಗ್ ಕಿತ್ತು. ಗಾಳಿ ಕೆಟ್ಟಿದ್ದಾಗ ಸುಮ್ಮನಿದ್ದ ಯಂತ್ರ, ಬಾಗಿಲು ತೆಗೆದ ಮೇಲೆ ಕೂಗಿತು. ಯುಸಾನ್ನ ಫೋನಿಗೆ ಓಡಿಸಿ, ಪ್ಲಗ್ ವಾಪಸ್ ಸಿಕ್ಕಿಸಿದ್ರಿ. ಆಗ ಅಲ್ಲಿದ್ದದ್ದು ನೀವೊಬ್ಬರೇ. ಕೋಣೇಲಿ ಇನ್ನೂ ಒಳ್ಳೇ ಗಾಳಿ ತುಂಬಿರಲಿಲ್ಲ, ಅದಕ್ಕೇ ಕಿರುಚಿತು. ಈಗ ಕ್ಯಾಮೆರಾ ಪೆಟ್ಟಿಗೆ ಬಿಚ್ಚೋಣವಾ?"

ಬಿಚ್ಚಬೇಕಾಗಲಿಲ್ಲ. ಶಿಯೋಜಿ ಕುರ್ಚಿಯಲ್ಲಿ ಕುಸಿದರು.

"ಸೆಪ್ಟೆಂಬರಿನಲ್ಲಿ ಅವಸರ ಮಾಡಿ ಕ್ಯಾಮೆರಾ ಬೆಚ್ಚಗೆ ಮಾಡಿದೆ. ಒಳಗೆ ಕಿರಣ ಹಿಡಿಯೋ ಬಿಲ್ಲೆ ಸೀಳಿಹೋಯ್ತು. ಉಗುರಗಲದ ಬಿಲ್ಲೆ. ಗೊತ್ತಾದ್ರೆ ನಮ್ಮ ಕ್ಯಾಮೆರಾ ಕೈಬಿಟ್ಟು ಬೇರೆ ದೇಶದ್ದು ಹಾಕ್ತಿದ್ರು. ಹೊಸ ಬಿಲ್ಲೆ ಗುಟ್ಟಾಗಿ ಮಾಡಿಸ್ತಿದ್ದೆ. ಅಲ್ಲೀತನಕ ತಳ್ಳಿದ್ರೆ ಸಾಕಿತ್ತು. ಅವಳು ಚುಕ್ಕೆ ಗುರುತು ಹಿಡಿದಳು. ಪೆಟ್ಟಿಗೆ ಬಿಚ್ಚೇ ಬಿಚ್ತೀನಿ ಅಂದಳು. ಶನಿವಾರ ಬೆಳಿಗ್ಗೆ ಬಾ, ಬಿಚ್ಚೋಣ ಅಂದೆ."

"ಶನಿವಾರವೇ ಯಾಕೆ?"

"ಅವಳಿಗೆ ಯಾರೂ ಇರಲಿಲ್ಲ." ಅವರು ಮೇಜನ್ನೇ ನೋಡುತ್ತಿದ್ದರು. "ಸೋಮವಾರದ ತನಕ ಯಾರೂ ಕೇಳಲ್ಲ ಅಂತ ನನಗೆ ಗೊತ್ತಿತ್ತು. ನನ್ನನ್ನೂ ಯಾರೂ ಕೇಳಲ್ಲ."

ಯುಸಾ ಗೋಡೆಯ ಕಡೆ ತಿರುಗಿಕೊಂಡ.

* * *

ಸನಾಯೆಗೆ ಉಳಿದಿದ್ದವಳು ಒಬ್ಬ ಸೋದರತ್ತೆ. ದೂರದ ಹೊಕ್ಕಾಯ್ದೊದ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು. ದಹನಕ್ಕೆ ಕುಜೆ ರಜೆ ಹಾಕಿ ಹೋದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಬೂದಿಯ ತಟ್ಟೆ ಹೊರಗೆ ಬಂತು. ಚಿತಾಗಾರದವನು ಉದ್ದನೆಯ ಕಡ್ಡಿಗಳ ಜೋಡಿ ಅವಳ ಕೈಗಿಟ್ಟು, ಸುತ್ತ ನೋಡಿ ಹಿಂಜರಿದ.

"ಮೂಳೆ ಒಬ್ಬರೇ ಎತ್ತೋ ಹಾಗಿಲ್ಲ ಅಮ್ಮಾ. ಇಬ್ಬರು ಸೇರಿ ಎತ್ತಿ ಕುಡಿಕೆಗೆ ಹಾಕೋದು ಪದ್ಧತಿ."

"ಕಾಯೋಣ," ಎಂದಳು ಕುಜೆ. ಯಾರಿಗೆಂದು ಅವಳಿಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ಅಳತೆಗೆ ಹೊಂದದ ಕಪ್ಪು ಕೋಟು ತೊಟ್ಟ ಯುಸಾ ಒಳಬಂದು, ಹೆಗಲ ಮೇಲಿನ ಹಿಮ ಕೊಡವಿಕೊಂಡು, ಮಾತಾಡದೆ ಇನ್ನೊಂದು ಜೋಡಿ ಕಡ್ಡಿ ಕೈಗೆತ್ತಿಕೊಂಡ. ಇಬ್ಬರೂ ಒಟ್ಟಿಗೆ ಬಾಗಿ ಮೊದಲ ಮೂಳೆಯನ್ನು ಎತ್ತಿದರು.