ಬೊಡ್ಡೆಗೆ ಕೂಡಿದ ಕೊಂಬೆ

ಈಗಿನ ಊರುಗಳಿಗೆಲ್ಲ ಹೆಸರು ಬೀಳುವ ಮುಂಚೆ ಏಳುಮಡು ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಂಗಳದಲ್ಲಿ ಒಂದು ಮರವಿತ್ತು. ರಾಜ್ಯದಲ್ಲಿ ನಡೆದದ್ದೆಲ್ಲ ಆ ಮರದ ಬೊಡ್ಡೆಯೊಳಗೆ ದಿನಕ್ಕೊಂದು ಬಳೆಯಾಗಿ ಸೇರುತ್ತಿತ್ತು.

ಮರ ಕಾಯುವವಳು ದೇಕಬ್ಬೆ. ಮರ ಕೇಳುತ್ತಿದ್ದದ್ದು ಅವಳ ಮಾತನ್ನು ಮಾತ್ರ, ಅದೂ ಕೆಲವೇ ಮಾತನ್ನು. 'ಕವಲೊಡೆ' ಎಂದು ಒಂದು ಹೆಸರು ಹೇಳಿದರೆ ಆ ಹೆಸರಿನ ಕೊಂಬೆ ಮೂಡುತ್ತಿತ್ತು. ಆ ಕೊಂಬೆಯಲ್ಲೂ ಏಳುಮಡುವೇ ಇರುತ್ತಿತ್ತು. ಅದೇ ಕೇರಿ, ಅದೇ ಜನ. ಆದರೆ ಅಲ್ಲಿ ಏನೇ ನಡೆದರೂ ಇಲ್ಲಿಗೆ ತಟ್ಟುತ್ತಿರಲಿಲ್ಲ. 'ದಾಟು' ಎಂದರೆ ಅವಳು ಆ ಕೊಂಬೆಯ ಏಳುಮಡುವಿನಲ್ಲಿ ನಿಂತಿರುತ್ತಿದ್ದಳು. 'ಕೂಡು' ಎಂದರೆ ಕೊಂಬೆಯಲ್ಲಿ ನಡೆದದ್ದೆಲ್ಲ ಬೊಡ್ಡೆಗಿಳಿದು ಇಲ್ಲಿಯೇ ನಡೆದಂತಾಗುತ್ತಿತ್ತು. 'ಕಡಿ' ಎಂದರೆ ಕೊಂಬೆ ಉದುರುತ್ತಿತ್ತು. ಒಂದಕ್ಷರ ತಪ್ಪಿದರೂ ಮರ ಸುಮ್ಮನಿರುತ್ತಿತ್ತು.

ಒಳ್ಳೆಯ ದಿನಗಳಲ್ಲಿ ಹೊಸ ಕೆರೆಯ ಏರಿ ನಿಲ್ಲುತ್ತದೋ ಇಲ್ಲವೋ ನೋಡಲು ಒಂದು ಕೊಂಬೆ ಒಡೆಸುತ್ತಿದ್ದರು. ಏರಿ ನಿಂತರೆ ಕೂಡಿಸುತ್ತಿದ್ದರು, ಒಡೆದರೆ ಕಡಿಸುತ್ತಿದ್ದರು.

ಒಂದು ದಿನ ಮಸಣಯ್ಯನೆಂಬ ಮಾಂತ್ರಿಕ ಬಂದ. "ಮರ ನನಗೆ ಕೊಡಿ," ಎಂದ. ರಾಣಿ ಸಿರಿಯಾದೇವಿ ಕೊಡಲಿಲ್ಲ. ಅವನು ನಕ್ಕು, ತನ್ನ ಜೊತೆಯಲ್ಲಿದ್ದ ಕತ್ತೆಕಿರುಬವನ್ನು ಬಿಟ್ಟ. ಅದು ಮನುಷ್ಯರ ನೆರಳು ತಿನ್ನುತ್ತಿತ್ತು. ನೆರಳು ಹೋದವರು ಮೂರನೆಯ ದಿನಕ್ಕೆ ಉಪ್ಪಾಗುತ್ತಿದ್ದರು. ಮಳೆ ಬಿದ್ದರೆ ಅಪ್ಪ ಕರಗಿಹೋಗುತ್ತಾನೆಂದು ಮಕ್ಕಳು ಉಪ್ಪಿನ ಅಪ್ಪನಿಗೆ ಚಾಪೆ ಹೊದಿಸುತ್ತಿದ್ದರು.

ತಿಂಗಳು ಕಳೆಯುವಷ್ಟರಲ್ಲಿ ಅರ್ಧ ರಾಜ್ಯ ಉಪ್ಪಾಯಿತು. ನಾಯಿಯಷ್ಟಿದ್ದ ಕತ್ತೆಕಿರುಬ ಮನೆಯಷ್ಟಾಯಿತು. ಮರವೂ ಒಣಗತೊಡಗಿತು. ದೇಕಬ್ಬೆ ಬೊಡ್ಡೆಗೆ ಕಿವಿಯಿಟ್ಟು ಆಲಿಸಿ ರಾಣಿಗೆ ಹೇಳಿದಳು:

"ತಾಯಿ, ಇನ್ನು ಮೂರು ಕೊಂಬೆಗಾಗುವಷ್ಟು ಮಾತ್ರ ಹಸಿಯಿದೆ. ಒಂದನ್ನು ಕಡಿಯದೆ ಇನ್ನೊಂದು ಒಡೆಯುವುದಿಲ್ಲ."

"ಮೊದಲನೆಯದರಲ್ಲಿ ಯುದ್ಧ ಮಾಡೋಣ," ಎಂದಳು ರಾಣಿ.

"ಕವಲೊಡೆ, ಕತ್ತಿ," ಎಂದಳು ದೇಕಬ್ಬೆ. ಕೊಂಬೆ ಮೂಡಿತು. ಅವಳು ದಾಟಿದಳು.

ಅಲ್ಲಿ ಸೈನ್ಯ ಹೊರಟಿತು. ಈಟಿಗಳು ಕತ್ತೆಕಿರುಬದ ಮೈಯನ್ನು ಹೊಗೆಯಂತೆ ಹಾದುಹೋದವು. ನೆರಳು ತಿನ್ನುವ ಹೊತ್ತಿನಲ್ಲಿ ಮಾತ್ರ ಅದಕ್ಕೆ ಗಟ್ಟಿ ಮೈ ಬರುತ್ತಿತ್ತು, ಅದೂ ಯಾರ ನೆರಳನ್ನು ತಿನ್ನುತ್ತಿತ್ತೋ ಅವರ ಕೈಗೆ ಮಾತ್ರ. ಇದು ತಿಳಿಯುವಷ್ಟರಲ್ಲಿ ಮೂರು ದಿನವಾಗಿ, ಬಯಲ ತುಂಬ ಉಪ್ಪಿನ ಸೈನಿಕರು ನಿಂತಿದ್ದರು. ಉಳಿದಿದ್ದ ಒಬ್ಬ ಮುದಿ ಕಾವಲುಗಾರ ಕೇಳಿದ:

"ಹೊರಟೆಯಾ, ತಾಯಿ? ನಮ್ಮ ಗತಿ?"

"ಬರುತ್ತೇನಜ್ಜ," ಎಂದು ಸುಳ್ಳು ಹೇಳಿ ಅವಳು ಹಿಂದಿರುಗಿದಳು.

ಮರದ ಮುಂದೆ ನಿಂತು, "ಕಡಿ, ಕತ್ತಿ," ಎಂದು ಮೆಲ್ಲಗೆ ಹೇಳಿದಳು.

ಮರ ಹೇಳಿತು: "ಬೊಡ್ಡೆಗೆ ಇನ್ನೂ ಕೂಡದ ಕೊಂಬೆ ಇದು. ಕಡಿದರೆ ಮರಳದು."

ಮೆಲ್ಲಗೆ ಹೇಳಿದರೆ ಮರ ಹೀಗೆ ತಡೆಯುತ್ತಿತ್ತು. ಕೂಗಿ ಹೇಳಿದರೆ ತಡೆಯುತ್ತಿರಲಿಲ್ಲ. ದೇಕಬ್ಬೆ ಕಣ್ಣು ಮುಚ್ಚಿ ಕೂಗಿದಳು. ಕೊಂಬೆ ಬಿತ್ತು. ಮುದಿ ಕಾವಲುಗಾರ, ಅವನ ಬಯಲು, ಅವನ ಮುಗಿಲು, ಯಾವುದೂ ಉಳಿಯಲಿಲ್ಲ.

"ಎರಡನೆಯದರಲ್ಲಿ ಸಂಧಿ ಮಾಡೋಣ," ಎಂದಳು ರಾಣಿ.

"ಕವಲೊಡೆ, ಸಂಧಿ."

ಅಲ್ಲಿ ಮಸಣಯ್ಯ ಸಂಧಿಗೆ ಒಪ್ಪಿದ. ವರ್ಷಕ್ಕೆ ಮನೆಗೊಂದು ನೆರಳು, ಅಷ್ಟೇ. ಒಪ್ಪಂದದ ಊಟವನ್ನು ಅಂಗಳದ ಬಿಸಿಲಲ್ಲಿ ಬಡಿಸಿದರು. ಮಸಣಯ್ಯನಿಗೆ ನೆರಳಿಲ್ಲದಿರುವುದನ್ನು ದೇಕಬ್ಬೆ ಆಗ ಕಂಡಳು. ಅವನು ಕೈ ಎತ್ತಿದರೆ ದೂರದಲ್ಲಿ ಮಲಗಿದ್ದ ಕತ್ತೆಕಿರುಬ ಮುಂಗಾಲೆತ್ತುತ್ತಿತ್ತು. ಅದೇ ಅವನ ನೆರಳು.

ಕೇರಿಯಲ್ಲಿ ಒಬ್ಬ ಹೆಂಗಸು ಮಗಳ ತಲೆ ಬಾಚುತ್ತ ನೆರೆಯವಳಿಗೆ ಹೇಳುತ್ತಿದ್ದಳು: "ಈ ವರ್ಷಕ್ಕೆ ನಮ್ಮತ್ತೆ ಇದ್ದಾರೆ. ಮುಂದಿನ ವರ್ಷದ್ದು ಮುಂದೆ ನೋಡೋಣ."

ದೇಕಬ್ಬೆ ಮರಳಿ ಬಂದು ಕಂಡದ್ದನ್ನು ಹೇಳಿದಳು.

"ಅದನ್ನೇ ಕೂಡಿಸಿಬಿಡು. ಇದ್ದವರಲ್ಲಿ ಕೆಲವರಾದರೂ ಉಳಿಯಲಿ," ಎಂದಳು ರಾಣಿ.

"ಒಮ್ಮೆ ಕೂಡಿಸಿದರೆ ನಾವೂ ಹಾಗೇ ಮಾತಾಡುತ್ತೇವೆ, ತಾಯಿ. ಆಮೇಲೆ ಅದು ತಪ್ಪೆಂದು ಹೇಳುವುದಕ್ಕೂ ಯಾರೂ ಇರುವುದಿಲ್ಲ."

ರಾಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಹಾಗಾದರೆ ಕಡಿ," ಎಂದಳು. ದೇಕಬ್ಬೆ ಕೂಗಿದಳು. ತಲೆ ಬಾಚುತ್ತಿದ್ದವಳೂ ಬಾಚಿಸಿಕೊಳ್ಳುತ್ತಿದ್ದವಳೂ ಹೋದರು.

ಉಳಿದದ್ದು ಒಂದೇ. ದೇಕಬ್ಬೆ ಈ ಸಲ ಬೊಡ್ಡೆಯ ತುದಿಯಿಂದ ಒಡೆಸಲಿಲ್ಲ. ತಿಂಗಳ ಹಿಂದಿನ ಬಳೆಯ ಮೇಲೆ ಕೈಯಿಟ್ಟು, "ಕವಲೊಡೆ, ಹಿಂದಣ," ಎಂದಳು. ಆ ಕೊಂಬೆಯಲ್ಲಿ ಮಸಣಯ್ಯ ಆಗಷ್ಟೇ ಬಂದಿದ್ದ. ಕತ್ತೆಕಿರುಬ ಇನ್ನೂ ನಾಯಿಯಷ್ಟೇ ಇತ್ತು. ಮುಂದೆ ಆಗುವುದನ್ನು ಅವಳು ಊರಿಗೆಲ್ಲ ಹೇಳಿದಳು. ಯಾರೂ ನಂಬಲಿಲ್ಲ. ನಂಬಿದವಳು ಅವಳ ತಂಗಿ ಜಕ್ಕಬ್ಬೆ ಒಬ್ಬಳೇ. ಜಕ್ಕಬ್ಬೆ ಸುಣ್ಣ ಸುಡುವವಳು.

"ನನ್ನ ನೆರಳು ತಿನ್ನುವಾಗ ಅದು ನನ್ನ ಕೈಗೆ ಸಿಗುತ್ತದಲ್ಲಕ್ಕ?" ಎಂದಳು ಜಕ್ಕಬ್ಬೆ.

ನಡುಮಧ್ಯಾಹ್ನ ಅವಳು ಉರಿಯುವ ಸುಣ್ಣದ ಗೂಡಿನ ಬಾಯಿಯ ಬಳಿ ನಿಂತಳು. ನೆರಳು ಅವಳ ಪಾದದ ಕೆಳಗೇ ಇತ್ತು. ಕತ್ತೆಕಿರುಬ ಕಾಲ ಬಳಿ ಬಂದು ಬಾಯಿ ಹಾಕಿತು. ಜಕ್ಕಬ್ಬೆ ಅದರ ಕುತ್ತಿಗೆ ತಬ್ಬಿ ಗೂಡಿಗೆ ಹಾರಿದಳು. ಅತ್ತ ಅರಮನೆಯ ಮುಂದೆ ನಿಂತಿದ್ದ ಮಸಣಯ್ಯ, ದೀಪವಿಟ್ಟಾಗ ಕತ್ತಲು ಹೋದಂತೆ, ಹೋದ.

ದೇಕಬ್ಬೆ ಬೊಡ್ಡೆಗೆ ಮರಳಿ ಬಂದಳು. "ಕೂಡು, ಹಿಂದಣ," ಎಂದಳು.

ಮರ ಅರ್ಧದಲ್ಲೇ ನಿಂತಿತು.

"ಎರಡು ಕಡೆ ಎರಡು ಮಾತಿದೆ. ಬೊಡ್ಡೆಯಲ್ಲಿ ಜಕ್ಕಬ್ಬೆ ಇದ್ದಾಳೆ. ಕೊಂಬೆಯಲ್ಲಿ ಜಕ್ಕಬ್ಬೆ ಇಲ್ಲ. ಯಾವುದು ಇರಲಿ?"

"ಮಸಣಯ್ಯ ಸತ್ತದ್ದು ಇರಲಿ. ಜಕ್ಕಬ್ಬೆಯೂ ಇರಲಿ."

"ಅವನು ಸತ್ತದ್ದು ಅವಳಿಂದ. ಎರಡೂ ಒಂದೇ ಗೆರೆ, ಬೇರೆ ಮಾಡಲಾಗದು. ಯಾವುದು ಇರಲಿ?"

ಅವಳು ಬೇಡಿದಳು. ಬೈದಳು. ಬೊಡ್ಡೆಗೆ ಹಣೆ ಚಚ್ಚಿಕೊಂಡಳು. ಮೂರು ಸಲವೂ ಮರ ಅದನ್ನೇ ಕೇಳಿತು. ಕೊನೆಗೆ "ಬಿಡು" ಎಂದಳು. ಕೂಡುತ್ತಿದ್ದದ್ದು ಬಿಟ್ಟುಕೊಂಡಿತು. ಬೊಡ್ಡೆ ಬೊಡ್ಡೆಯಾಗಿ, ಕೊಂಬೆ ಕೊಂಬೆಯಾಗಿ ನಿಂತವು.

ಬೊಡ್ಡೆಯ ಏಳುಮಡುವಿನಲ್ಲಿ ಜಕ್ಕಬ್ಬೆ ಕಿಟಕಿ ಮುಚ್ಚಿದ ಮನೆಯೊಳಗೆ ಮುದ್ದೆ ಕಟ್ಟುತ್ತಿದ್ದಳು.

"ಯಾಕಕ್ಕ, ಹಣೆಯಲ್ಲಿ ರಕ್ತ?"

ದೇಕಬ್ಬೆ ಎಲ್ಲವನ್ನೂ ಹೇಳಿದಳು. ಜಕ್ಕಬ್ಬೆಗೆ ಸಿಟ್ಟು ಬಂತು. ಮುದ್ದೆ ತಿರುವುವ ಕೋಲನ್ನು ಎತ್ತಿ ಎಸೆದಳು.

"ನನಗ್ಯಾಕೆ ಹೇಳಿದೆ? ಹೇಳದೆ ಮಾಡಿಬಿಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ!"

"ಆಗಲಿಲ್ಲ ಕಣೇ."

ಎಸೆದ ಕೋಲನ್ನು ಎತ್ತಿಟ್ಟು ಜಕ್ಕಬ್ಬೆ ಕೇಳಿದಳು: "ಅಲ್ಲಿ ನಾನು ಹೆದರಿದ್ದೆನಾ?"

"ನಡುಗುತ್ತಿದ್ದೆ. ಎರಡು ಸಲ ಹಿಂದೆ ಸರಿದೆ."

"ಮೂರನೆಯ ಸಲ?"

"ನನ್ನ ಕಡೆ ನೋಡಲಿಲ್ಲ."

ದೇಕಬ್ಬೆ ತಂಗಿಯ ಕೈ ಹಿಡಿದುಕೊಂಡಳು. "ಹೊಳೆ ದಾಟಿ ಹೋಗು. ಕತ್ತೆಕಿರುಬ ನೀರು ದಾಟುವುದಿಲ್ಲ. ನಾನು ಆ ಕೊಂಬೆ ಕಡಿದು ಬರುತ್ತೇನೆ. ಎಲ್ಲಾದರೂ ಇಬ್ಬರೂ ಬದುಕಿಕೊಳ್ಳೋಣ."

"ಎದುರು ಮನೆಯ ಹುಡುಗಿಗೆ ಅಪ್ಪ ಅಮ್ಮ ಇಬ್ಬರೂ ಉಪ್ಪು. ಒಂದೇ ಚಾಪೆ ಇದೆ," ಎಂದಳು ಜಕ್ಕಬ್ಬೆ. "ನಿನ್ನೆ ಗುಡುಗಿದಾಗ ಯಾರಿಗೆ ಹೊದಿಸಲಿ ಎಂದು ನನ್ನನ್ನು ಕೇಳಿದಳು."



"ನನಗೆ ಹಸಿವಾಗಿದೆ. ಊಟ ಮಾಡುತ್ತೇನೆ, ಇರು," ಎಂದಳು ಜಕ್ಕಬ್ಬೆ. ಒಂದು ಮುದ್ದೆ ಪೂರ್ತಿ ಉಂಡಳು. ಸಾರಿಗೆ ಉಪ್ಪು ಹಾಕಿರಲಿಲ್ಲ. ಆ ತಿಂಗಳು ಯಾರೂ ಹಾಕುತ್ತಿರಲಿಲ್ಲ. ಕೈ ತೊಳೆದು ಅಕ್ಕನ ಹಣೆಯ ರಕ್ತ ಒರೆಸಿದಳು.

"ಹೋಗು. ಯಾವಾಗ ಹೇಳುತ್ತೀಯೆಂದು ನನಗೆ ತಿಳಿಯುವುದು ಬೇಡ. ನಾನು ಪಾತ್ರೆ ತೊಳೆಯುತ್ತಿರುತ್ತೇನೆ."

ದೇಕಬ್ಬೆ ಹೋದಳು. ದಾರಿಯಲ್ಲಿ ಮೂರು ಸಲ ನಿಂತಳು, ಮೂರು ಸಲ ಮುಂದೆ ನಡೆದಳು.

"ಕೂಡು, ಹಿಂದಣ."

"ಎರಡು ಕಡೆ ಎರಡು ಮಾತಿದೆ. ಯಾವುದು ಇರಲಿ?"

"ಕೊಂಬೆಯದು," ಎಂದಳು.

"ಕೂಡಿತು," ಎಂದಿತು ಮರ.

ತುದಿಯವರೆಗೂ ಎಲೆ ಚಿಗುರಿತು. ಕೇರಿಗಳಲ್ಲಿ ಉಪ್ಪಾದವರು ಇರಲಿಲ್ಲ, ಎಂದೂ ಇದ್ದಿರಲಿಲ್ಲ. ಅಪ್ಪಂದಿರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಸಿರಿಯಾದೇವಿ ನಗುತ್ತ ಬಂದು, "ಯಾಕೆ ದೇಕಬ್ಬೆ, ಬಿಸಿಲಲ್ಲಿ ನಿಂತೆ?" ಎಂದಳು. ಕಡಿದ ಕೊಂಬೆಗಳ ನೆನಪು ಅವಳಿಗೂ ಇರಲಿಲ್ಲ.

ದೇಕಬ್ಬೆ ಸುಣ್ಣದ ಗೂಡಿನ ಬಳಿಗೆ ಓಡಿದಳು. ಅಲ್ಲಿ ಜಕ್ಕಬ್ಬೆಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿಯಾಗಿತ್ತು. ಕಲ್ಲಿಗೆ ಹಾಕಿದ ಹೂ ಒಣಗಿತ್ತು. ಅವಳು ನೆಲಕ್ಕೆ ಬಿದ್ದು ಅತ್ತಳು. ಸುಣ್ಣದ ಕೆಲಸದ ಹೆಂಗಸರು ಅವಳನ್ನು ಎಬ್ಬಿಸಿ ಕೂರಿಸಿದರು.

"ತಿಂಗಳಾಯಿತಲ್ಲಕ್ಕ. ಇನ್ನೂ ಎಷ್ಟು ದಿನ ಅಂತ ಅಳುತ್ತೀ?"

"ಇವತ್ತು ಮಧ್ಯಾಹ್ನ ಊಟ ಮಾಡಿದಳು," ಎಂದಳು ದೇಕಬ್ಬೆ. "ನನ್ನ ಎದುರಿಗೇ ಕೂತು ಊಟ ಮಾಡಿದಳು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖಕ್ಕೆ ಹೀಗೆ ಆಡುತ್ತಾಳೆಂದುಕೊಂಡು ಬೆನ್ನು ಸವರಿದರು.

ಆಮೇಲೆ ಏಳುಮಡುವಿನಲ್ಲಿ ಯಾರೂ ಬಿಸಿಲಿಗೆ ಹೆದರಲಿಲ್ಲ. ಬಿಸಿಲಲ್ಲಿ ಬಿತ್ತಿದರು, ಬಿಸಿಲಲ್ಲಿ ಮದುವೆ ಮಾಡಿದರು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಚೆನ್ನಾಗಿ ಬಾಳಿದರು. ದೇಕಬ್ಬೆಯೂ ಅವರ ನಡುವೆಯೇ ಬಾಳಿದಳು. ಮರಕ್ಕೆ ಮಾತ್ರ ಮತ್ತೆಂದೂ ಒಂದು ಮಾತೂ ಹೇಳಲಿಲ್ಲ.