ಸದ್ದಿಲ್ಲದ ಕಂಪ್ಯೂಟರಿನೊಳಗೆ ಹಳೆಯ ಫ್ಯಾನು

ಧೂಳಕ್ಕನ ಬಾಗಿಲು ತಟ್ಟುವವರು ಸಾಮಾನ್ಯವಾಗಿ ಕಳ್ಳನನ್ನು ಹುಡುಕಿಕೊಡಿ ಎಂದು ಬರುತ್ತಿದ್ದರು. ಅಂದು ಬಂದ ಹುಡುಗಿ ಮಾತ್ರ, ಸಿಕ್ಕಿಬಿದ್ದಿರುವವನು ಕಳ್ಳನಲ್ಲ ಎಂದು ತೋರಿಸಿಕೊಡಿ ಎಂದು ಬೇಡಿಕೊಂಡು ಬಂದಿದ್ದಳು.

ಅವಳು ಅದೇ ಕಟ್ಟಡದ ಕೆಳಮಹಡಿಯ ಲಿಫ್ಟ್ ಮೆಕ್ಯಾನಿಕನ ಮಗಳು. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಧೂಳಕ್ಕ ವಿಮಾ ಕಂಪನಿಯಲ್ಲಿ ನಷ್ಟದ ತಪಾಸಣೆ ಮಾಡಿ ನಿವೃತ್ತಳಾದವಳು. ಸುಟ್ಟ ಗೋದಾಮು, ಒಡೆದ ತಿಜೋರಿ, ಯಾವುದೇ ಇರಲಿ, ಮೊದಲು ಅಲ್ಲಿಯ ಧೂಳು ನೋಡುತ್ತಿದ್ದಳು. ಮನುಷ್ಯ ಸುಳ್ಳು ಹೇಳುತ್ತಾನೆ, ಧೂಳಿಗೆ ಅಷ್ಟು ಜಾಣತನವಿಲ್ಲ ಎಂಬುದು ಅವಳ ಮಾತು. ಬೆನ್ನ ಹಿಂದೆ ಇಟ್ಟ ಹೆಸರು ಕಾಲಕ್ರಮೇಣ ಮುಖದೆದುರೇ ಕರೆಯುವ ಹೆಸರಾಗಿತ್ತು. ಅವಳ ಜೊತೆ ಸದಾ ಇರುತ್ತಿದ್ದವರು ಅವಳ ಅಕ್ಕನ ಗಂಡ, ಅಕ್ಕ ತೀರಿಹೋಗಿದ್ದಳು. ಅವಳು ಭಾವ ಎನ್ನುತ್ತಿದ್ದುದರಿಂದ ಇಡೀ ಕಟ್ಟಡಕ್ಕೆ ಅವರು ಭಾವನೇ. ಅವರಿಗಿಂತ ಹಿರಿಯರಾದ ಎದುರುಮನೆಯ ಅಜ್ಜಿಯೂ ಅವರನ್ನು ಭಾವ ಎಂದೇ ಕರೆಯುತ್ತಿದ್ದರು.

ಭಾವನವರು ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಆಗಷ್ಟೇ ಕುಳಿತಿದ್ದರು. ಹುಡುಗಿ ಕುರ್ಚಿಯ ಅಂಚಿನಲ್ಲಿ ಕುಳಿತು ಶುರುಮಾಡಿದಳು.

"ಅಣ್ಣ ತೀರಿಹೋಗಿ ವರ್ಷ ಆಯ್ತಲ್ಲ, ಅವನ ಕಂಪ್ಯೂಟರ್ ಬಟ್ಟೆ ಮುಚ್ಕೊಂಡು ಹಾಗೇ ಇತ್ತು. ನಾವಿಬ್ಬರೂ ಅದ್ರಲ್ಲಿ ಆಟ ಆಡ್ತಿದ್ವಿ. ಹೊಸ ಸಾಮಾನು ಹಾಕಿಸ್ತೀನಿ ಅಂದಾಗ ಅಪ್ಪ ಒಂದೇ ಷರತ್ತು ಹಾಕಿದ್ರು. ಸದ್ದು ಬರಕೂಡದು."

"ಆಟ ಆಡೋ ಕಂಪ್ಯೂಟರು, ಸದ್ದು ಇರಬಾರ್ದು, ದುಡ್ಡೂ ಜಾಸ್ತಿ ಆಗಬಾರ್ದು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು ಅನ್ನೋ ಹಾಗಾಯ್ತು," ಎಂದಳು ಧೂಳಕ್ಕ.

"ಅದಕ್ಕೇ ತಿಂಗಳುಗಟ್ಟಲೆ ಯೋಚಿಸಿದೆ. ಗ್ರಾಫಿಕ್ಸ್ ಕಾರ್ಡಲ್ಲೇ ಬಿಸಿ ಜಾಸ್ತಿ. ದೊಡ್ಡದು ಬೇಡ ಅಂತ ಮಧ್ಯಮದ್ದು ತಗೊಂಡೆ. ಕೆಲಸ ಕಮ್ಮಿ ಇದ್ದಾಗ ಅದರ ಫ್ಯಾನ್ ತಿರುಗೋದೇ ಇಲ್ಲ. ಗರಗರ ಅನ್ನೋ ಹಾರ್ಡ್ ಡಿಸ್ಕ್ ತೆಗೆಸಿ ಸದ್ದೇ ಮಾಡದ ಎಸ್‌ಎಸ್‌ಡಿ ಹಾಕಿಸಿದೆ. ಪವರ್ ಸಪ್ಲೈ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದು, ಅದು ಏದುಸಿರು ಬಿಡಬಾರ್ದು ಅಂತ. ಬಣ್ಣದ ದೀಪ, ಗಾಜಿನ ಬಾಗಿಲು ಎಲ್ಲ ಬೇಡ ಅಂದೆ. ಕ್ಯಾಬಿನೆಟ್ ಅಣ್ಣಂದೇ ಇಟ್ಕೊಂಡೆ, ದಪ್ಪ ತಗಡು, ಸದ್ದು ಹೊರಗೆ ಬಿಡಲ್ಲ. ಉಳಿದ ದುಡ್ಡಲ್ಲಿ ನಿಧಾನ ತಿರುಗೋ ಒಳ್ಳೇ ಫ್ಯಾನ್ ಎರಡು. ಮುಂದಿಂದ ತಣ್ಣನೆ ಗಾಳಿ ಒಳಗೆ, ಹಿಂದಿಂದ ಬಿಸಿ ಗಾಳಿ ಹೊರಗೆ."

"ಅಳಿಯನ್ನ ಆರಿಸೋಕೂ ಜನ ಇಷ್ಟು ಯೋಚಿಸಲ್ಲಮ್ಮ," ಎಂದರು ಭಾವನವರು.

ಹುಡುಗಿ ನಗಲಿಲ್ಲ. "ಜೋಡಿಸಿದ್ದು ಸ್ಕ್ರೂ. ಅಣ್ಣನ ಸ್ನೇಹಿತ, ನಾವೆಲ್ಲ ಕರೆಯೋದೇ ಹಾಗೆ. ಕಂಪ್ಯೂಟರ್ ಅಂಗಡೀಲಿ ಅವನೇ ಜೋಡಿಸೋನು. ಮೊದಲು ಎಷ್ಟು ಸುಮ್ಮನಿತ್ತು ಅಂದ್ರೆ, ಆನ್ ಆಗಿದ್ಯಾ ಅಂತ ದೀಪ ನೋಡ್ಬೇಕಿತ್ತು. ಬುಧವಾರ ನಾನಿಲ್ಲದಾಗ ಅವನು ಮನೆಗೆ ಬಂದು, ಕ್ಯಾಬಿನೆಟ್ ಬಾಗಿಲು ಬಿಚ್ಚಿ ವೈರ್ ಸರಿ ಮಾಡಿ ಹೋದ. ಸಂಜೆ ಬಂದು ಆನ್ ಮಾಡಿದ್ರೆ ಗುಂಯ್ ಅಂತು. ಆಡ್ತಾ ಆಡ್ತಾ ಬಿಸಿಯಾಗಿ ಆಫ್ ಆಗೋಯ್ತು. ಅಂಗಡಿಗೆ ತಗೊಂಡು ಹೋದ್ರೆ, ಮಾಲೀಕರು ಎಲ್ಲರೆದುರು ಬಿಚ್ಚಿದ್ರು. ಹಿಂದಿನ ಹೊಸ ಫ್ಯಾನ್ ಇಲ್ಲ. ಆ ಜಾಗದಲ್ಲಿ ಅಣ್ಣನ ಕಾಲದ ಹಳೇ ಫ್ಯಾನು. ಸ್ಕ್ರೂನೇ ಕದ್ದ ಅಂತ ಅವನ ಬ್ಯಾಗ್ ಸುರಿಸಿ ನೋಡಿದ್ರು. ಈ ವಾರ ಕಳೆದ ಮೇಲೆ ಬರಬೇಡ ಅಂದಿದ್ದಾರೆ."

"ಅವನೇನಂದ?"

"ಏನೂ ಅನ್ನಲಿಲ್ಲ. ಫ್ಯಾನಿನ ದುಡ್ಡು ಸಂಬಳದಲ್ಲಿ ಹಿಡ್ಕೊಳ್ಳಿ ಅಂದ, ಅಷ್ಟೇ."

ಧೂಳಕ್ಕ ಸೆರಗಿನಿಂದ ಭೂತಗನ್ನಡಿ ಒರೆಸಿಕೊಂಡು ಎದ್ದಳು.

*

ಅಂಗಡಿ ಉದ್ದವಾದ ಓಣಿಯಂತಿತ್ತು. ಎರಡೂ ಕಡೆ ಡಬ್ಬಿಗಳು ಸೂರಿನವರೆಗೆ. ಮಾಲೀಕ ಮಾತುಗಾರ. "ನೋಡಿ ಅಮ್ಮ, ನನ್ನಪ್ಪ ರೇಡಿಯೋ ರಿಪೇರಿ ಮಾಡ್ತಿದ್ದ ಕಾಲದಿಂದ ನಮ್ಮದೊಂದು ಪದ್ಧತಿ. ಬಿಚ್ಚಿದ ಹಳೇ ಸಾಮಾನು ಅಂಗಡೀಲಿ ಇಟ್ಕೊಳ್ಳಲ್ಲ. ಹೊಸದು ಬಂದ ಡಬ್ಬೀಲೇ ಹಾಕಿ ಗಿರಾಕಿ ಕೈಗೆ ಕೊಡ್ತೀವಿ. ಅಂಥ ಅಂಗಡಿಗೆ ಇವನು ಮಸಿ ಬಳಿದ."

ಮೂಲೆಯ ಮೇಜಿನ ಹಿಂದೆ ಸ್ಕ್ರೂ ತಲೆ ತಗ್ಗಿಸಿ ನಿಂತಿದ್ದ. ತೆಳ್ಳನೆಯ ಹುಡುಗ, ಉದ್ದನೆಯ ಬೆರಳುಗಳು. ಹಳೆಯ ಫ್ಯಾನನ್ನು ಇನ್ನೂ ಬಿಚ್ಚಿರಲಿಲ್ಲ. ಧೂಳಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು. ರೆಕ್ಕೆಗಳ ಅಂಚಿನಲ್ಲಿ ಧೂಳು ಕಂಬಳಿಯಂತೆ ದಪ್ಪಗೆ ಕೂತಿತ್ತು. ನಡುವಿನ ಗುಂಡಿ ಮಾತ್ರ ಸ್ವಚ್ಛ. ಅದರ ಮೇಲಿನ ಚೀಟಿಯನ್ನು ಯಾರೋ ಎಬ್ಬಿಸಿ ಮತ್ತೆ ಅಂಟಿಸಿದ್ದರು.

"ಮೂಸಿ ನೋಡಿ ಭಾವ."

"ಎಣ್ಣೆ."

"ಯಾವ ಎಣ್ಣೆ?"

"ಅಡುಗೆಯದಂತೂ ಅಲ್ಲ. ಅಡುಗೆ ಎಣ್ಣೆ ನನ್ನ ಮೂಗಿಗೆ ಚೆನ್ನಾಗಿ ಗೊತ್ತು."

ಫ್ಯಾನಿನ ಚೌಕಟ್ಟಿನ ಮೇಲೆ ಗಾಳಿ ಹೋಗುವ ದಿಕ್ಕು ತೋರಿಸುವ ಪುಟ್ಟ ಬಾಣವಿತ್ತು. ಧೂಳಕ್ಕ ಅದರ ಮೇಲೆ ಉಗುರಿಟ್ಟಳು. "ಇದು ಯಾವ ಕಡೆ ಇರಬೇಕಪ್ಪ?"

"ಹೊರಗಡೆ," ಎಂದ ಸ್ಕ್ರೂ.

"ಇಲ್ಲಿ ಒಳಗಡೆ ಇದೆ. ಬಿಸಿ ಗಾಳಿ ಹೊರಗೆ ಹೋಗೋ ಬದಲು ಒಳಗೇ ಬೇಯ್ತಿತ್ತು. ನೀನು ಹೀಗೆ ಹಾಕ್ತೀಯಾ?"

ಅವನು ಆ ಫ್ಯಾನನ್ನೇ ನೋಡಿದ. "ಹಾಕಿರಬಹುದು. ಮರೆತಿರಬಹುದು."

"ಕೇಳಿಸ್ಕೊಂಡ್ರಲ್ಲ," ಎಂದ ಮಾಲೀಕ.

ಬೀದಿಗೆ ಬಂದ ಮೇಲೆ ಧೂಳಕ್ಕ ಹೇಳಿದಳು, "ಬಾಯಿ ಬಿಟ್ಟರೆ ಪಾರಾಗೋ ಮನುಷ್ಯ ಬಾಯಿ ಮುಚ್ಕೊಂಡು ನಿಂತ್ರೆ, ಅದು ಹೆದರಿಕೆ ಅಲ್ಲ ಭಾವ."

ಲಿಫ್ಟ್ ಮೆಕ್ಯಾನಿಕನ ಮನೆಯಲ್ಲಿ ಎಲ್ಲವೂ ಒಪ್ಪವಾಗಿತ್ತು. ಗೋಡೆಯ ಮೇಲೆ ಒಂದು ಮೊಳೆ ಮಾತ್ರ ಬರಿದಾಗಿತ್ತು. ಅದರ ಕೆಳಗೆ ಪಟವೊಂದು ಬಹುಕಾಲ ತೂಗಿದ್ದ ಚೌಕದ ಗುರುತು. ಮೆಕ್ಯಾನಿಕ ಆಗತಾನೆ ಕೆಲಸದಿಂದ ಬಂದು ಕೈ ಒರೆಸಿಕೊಳ್ಳುತ್ತಿದ್ದ.

"ದಿನವಿಡೀ ಮೋಟಾರ್ ಸದ್ದಲ್ಲೇ ಇರ್ತೀನಿ. ಮನೇಲೂ ಅದೇ ಬೇಡ ಅಂದೆ. ಅದು ತಪ್ಪಾ?" ಎಂದ.

"ಫ್ಯಾನ್ ನೀವೇ ಬದಲಾಯಿಸಿಲ್ಲ ತಾನೇ?"

"ಆ ರೂಮಿಗೆ ನಾನು ಕಾಲಿಟ್ಟು ವರ್ಷ ಆಯ್ತು. ಅವನ ಹೆಸರು, ಅವನ ಸಾಮಾನು, ಅವನ ಸ್ನೇಹಿತರು, ಯಾವುದೂ ಬೇಡ ಅಂದ್ಬಿಟ್ಟಿದೀನಿ. ಆ ಸ್ಕ್ರೂಗೂ ಬರಬೇಡ ಅಂದಿದ್ದೆ. ಬಂದ, ಕದ್ದ."

ಅವನ ಹೆಂಡತಿ ಆ ರೂಮಿನ ಗೋಡೆಗೆ ತಾಗಿದಂತೆ ಹೊಲಿಗೆ ಮಿಷನ್ ಇಟ್ಟುಕೊಂಡು ದಿಂಬಿನ ಚೀಲ ಹೊಲಿಯುತ್ತಿದ್ದಳು. ಭಾವನವರು ಅವಳ ಹತ್ತಿರವೇ ಕುಳಿತರು. ನಾಲ್ಕು ಹೊಲಿಗೆ ಹಾಕುವುದು, ಕಾಲು ನಿಲ್ಲಿಸುವುದು, ಗೋಡೆಯ ಕಡೆ ಕತ್ತು ವಾಲಿಸುವುದು, ಮತ್ತೆ ತುಳಿಯುವುದು. ತನಗೆ ತಿಳಿಯದೆಯೇ ಹಾಗೆ ಮಾಡುತ್ತಿದ್ದಳು. ಎದ್ದು ಬಂದು ನೀರು ಕೊಡುವಾಗ ತಗ್ಗಿದ ದನಿಯಲ್ಲಿ ಕೇಳಿದಳು, "ಆ ಹುಡುಗನ್ನ ನಿಜವಾಗ್ಲೂ ಕೆಲಸದಿಂದ ತೆಗೀತಾರಾ?"

ಭಾವನವರಿಗೆ ಎಲ್ಲವೂ ಹೊಳೆಯಿತು. ಧೂಳಕ್ಕನಿಗಿಂತ ಮೊದಲು ತಮಗೆ ಉತ್ತರ ಸಿಗಬೇಕೆಂದು ಅವರು ಎಷ್ಟೋ ಸಲ ಆಸೆಪಟ್ಟಿದ್ದರು. ಸಿಕ್ಕಾಗ, ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹೆಂಡತಿ ಹೋದ ಮೇಲೆ ಅವರ ಮನೆಯಲ್ಲೂ ಒಂದು ಬಗೆಯ ನಿಶ್ಶಬ್ದ ಬಂದು ಕೂತಿತ್ತು. ದೇವರ ಹೆಸರು ಗಟ್ಟಿಯಾಗಿ ಹೇಳಿದರೂ ಅದು ಎದ್ದು ಹೋಗುತ್ತಿರಲಿಲ್ಲ.

*

ಭಾನುವಾರ ಬೆಳಿಗ್ಗೆ ಧೂಳಕ್ಕ ಎಲ್ಲರನ್ನೂ ಆ ಮನೆಯಲ್ಲೇ ಸೇರಿಸಿದಳು. ಮಾಲೀಕ ಕಂಪ್ಯೂಟರನ್ನು ಹೊತ್ತು ತಂದಿದ್ದ. ಹುಡುಗಿ ಅಪ್ಪನ ಪಕ್ಕ ಕುಳಿತಳು. ತಾಯಿ ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲು ಬಿಟ್ಟು ಏಳಲಿಲ್ಲ. ಸ್ಕ್ರೂ ಹೊಸ್ತಿಲಿನಾಚೆಯೇ ನಿಂತ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ.

"ಹಳೇದನ್ನ ಹೊಸದು ಅಂತ ದಾಟಿಸೋನು ಮೊದಲು ಏನು ಮಾಡ್ತಾನೆ?" ಎಂದು ಧೂಳಕ್ಕ ಮಾಲೀಕನನ್ನು ಕೇಳಿದಳು.

"ಧೂಳು ಒರೆಸ್ತಾನೆ."

"ಇಲ್ಲಿ ಒರೆಸಿಲ್ಲ. ಕೈಗೆ ಸಿಗದೇ ಬಿಟ್ಟಿದ್ದೂ ಅಲ್ಲ. ನಡುವಿನ ಗುಂಡಿ ಒರೆಸಿ, ಚೀಟಿ ಎಬ್ಬಿಸಿ ಒಂದು ತೊಟ್ಟು ಎಣ್ಣೆ ಬಿಟ್ಟಿದಾರೆ. ಇಷ್ಟೆಲ್ಲ ಮಾಡೋವಾಗಲೂ ರೆಕ್ಕೆ ಮೇಲಿನ ಧೂಳಿಗೆ ಬೆರಳು ತಾಗಿಸಿಲ್ಲ. ಕಳ್ಳನಿಗೆ ಧೂಳು ಬೇಡ. ಇದನ್ನ ಹಾಕಿದವರಿಗೆ ಆ ಧೂಳೂ ಬೇಕಿತ್ತು."

ಧೂಳಕ್ಕ ಫ್ಯಾನಿನ ಚೌಕಟ್ಟಿನ ಮೇಲೆ ಬೆರಳಿಟ್ಟಳು.

"ಎರಡನೇದು, ಬಾಣ. ಇದರ ವೈರ್ ಗಿಡ್ಡ. ಹೊರಮುಖ ಮಾಡಿದ್ರೆ ಹೊಸ ಫ್ಯಾನ್ ಸಿಕ್ಕಿಸಿದ್ದ ಜಾಗಕ್ಕೆ ವೈರ್ ಎಟುಕ್ತಿರಲಿಲ್ಲ, ಅದಕ್ಕೆ ತಿರುಗಿಸಿ ಹಾಕಿದಾರೆ. ಸ್ಕ್ರೂ ಈ ತಪ್ಪು ಮಾಡೋನಲ್ಲ. ದಿನಾ ಮೋಟಾರ್ ಜೊತೆ ಗುದ್ದಾಡೋ ಈ ಮನೆಯ ಯಜಮಾನರೂ ಮಾಡೋರಲ್ಲ. ಸ್ಕ್ರೂ ಕೆಲಸ ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿ, ನೋಡಿದಷ್ಟನ್ನ ಮಾಡಿದವರ ಕೈ ಇದು. ಇನ್ನು ಈ ಫ್ಯಾನ್ ಎಲ್ಲಿತ್ತು? ಅಂಗಡಿಯ ಪದ್ಧತಿ ಪ್ರಕಾರ ಡಬ್ಬೀಲಿ ಈ ಮನೆಗೇ ಬಂದಿತ್ತು."

ಮೆಕ್ಯಾನಿಕ ಮಗಳ ಮುಖ ನೋಡಿದ. ಮಗಳು ಹೌದೆಂದು ತಲೆಯಾಡಿಸಿದಳು.

"ಕೊನೇದು, ಈ ಹುಡುಗನ ಮೌನ. ಬಾಣ ತೋರಿಸಿದ್ರೆ ಸಾಕಿತ್ತು, ಅವನು ಬಚಾವ್. ತೋರಿಸಲಿಲ್ಲ. ಈ ಫ್ಯಾನನ್ನ ಸ್ನೇಹಿತನ ಜೊತೆ ಹೋಗಿ ತಂದೋನೇ ಅವನು ಅಂತ ಇವಳು ಹೇಳ್ತಾಳೆ. ಅದರ ಸದ್ದು ಅವನಿಗೆ ಗೊತ್ತು. ಎಣ್ಣೆ ವಾಸನೆ ಮೂಸಿದ ತಕ್ಷಣ, ಹಾಕಿದವರು ಯಾರು ಅನ್ನೋದೂ ಗೊತ್ತಾಯ್ತು. ಆ ಎಣ್ಣೆ…"

ಧೂಳಕ್ಕ ಅಲ್ಲಿಗೆ ನಿಲ್ಲಿಸಿದಳು. ನೀರು ಕೊಡಿ ಭಾವ ಎಂದಳು. ಬಾಯಾರಿಕೆಯಿಂದ ಕೇಳಿದ್ದಲ್ಲ ಎಂದು ಭಾವನವರಿಗೆ ತಿಳಿಯಿತು. ಅವರು ನಿಧಾನವಾಗಿ ಎದ್ದು, ನಿಧಾನವಾಗಿ ಲೋಟ ಹುಡುಕಿದರು.

"ಹೊಲಿಗೆ ಮಿಷನ್ ಎಣ್ಣೆ," ಎಂದಳು ತಾಯಿ. "ನಾನೇ ಹಾಕಿದ್ದು."

ಮಿಷನ್ನಿನ ಖಾನೆ ಎಳೆದು, ಹತ್ತಿಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹೊಸ ಫ್ಯಾನು. ಅದನ್ನು ಸಿಕ್ಕಿಸುವ ನಾಲ್ಕು ರಬ್ಬರ್ ಗೂಟಗಳೂ ಜೊತೆಗಿದ್ದವು.

"ಗೋಡೆ ಆಚೆ ಆ ಸದ್ದು ಇದ್ರೆ ದೊಡ್ಡೋನು ಮನೇಲಿದಾನೆ ಅಂತ ಅರ್ಥ. ಅಷ್ಟು ವರ್ಷ ಅದನ್ನ ಕೇಳ್ತಾನೇ ಹೊಲಿದೋಳು ನಾನು. ಈಗ ಇವಳು ಒಳಗೆ ಕೂತಿದ್ರೂ ಮನೇಲಿ ಯಾರೂ ಇಲ್ಲ ಅನ್ನಿಸೋದು. ಬುಧವಾರ ಹೊಸ್ತಿಲಲ್ಲಿ ನಿಂತಿರೋ ಈ ಮಗು ಬಿಚ್ಚಿ ಹಾಕೋವಾಗ ನೋಡ್ತಾ ನಿಂತಿದ್ದೆ. ಒಂದು ದಿನ ಕೇಳಿಸ್ಕೊಂಡು ತೆಗೆದುಬಿಡೋಣ ಅಂತ ಹಾಕ್ದೆ. ತೆಗೆಯೋಕೆ ಕೈ ಬರಲಿಲ್ಲ. ಇವನ ಮೇಲೆ ಬಂತು ಅಂತ ಗೊತ್ತಾದ ಮೇಲೂ ಬಾಯಿ ಬರಲಿಲ್ಲ."

"ನನಗೊಂದು ಮಾತು ಹೇಳಬಾರ್ದಿತ್ತೇನೇ?" ಎಂದ ಮೆಕ್ಯಾನಿಕ.

"ಸದ್ದು ಬೇಡ ಅಂದೋರು ನೀವು. ಪಟ ತೆಗೆದೋರೂ ನೀವೇ. ಇನ್ಯಾರಿಗೆ ಹೇಳಲಿ?"

ಅವನು ತನ್ನ ಅಂಗೈ ನೋಡಿಕೊಂಡ. "ಆ ಸದ್ದು ಕಿವಿಗೆ ಬಿದ್ರೆ ನಾನು ಎದ್ದು ಹೋಗ್ತೀನಿ ಕಣೇ. ಊಟಕ್ಕೆ ಬಾರೋ ಅಂತ ಕರೆಯೋಕೆ. ಬಾಗಿಲ ತನಕ ಹೋದ ಮೇಲೆ ನೆನಪಾಗುತ್ತೆ. ಬುಧವಾರ ಸಂಜೆಯೂ ಹೋದೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳು ಎದ್ದು ಹೋಗಿ ಅವಳ ಹಿಂದೆ ನಿಂತು ಭುಜ ಹಿಡಿದುಕೊಂಡಳು. ಸತ್ತ ಅದೇ ಮಗನಿಗಾಗಿ ಒಬ್ಬರು ಸದ್ದು ಬೇಡವೆಂದು, ಇನ್ನೊಬ್ಬರು ಬೇಕೆಂದು, ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ವರ್ಷ ಕಳೆದಿದ್ದರು. ನಡುವೆ ಸಿಕ್ಕಿ ನುಜ್ಜಾದವನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದ.

ಮಾಲೀಕ ಗಂಟಲು ಸರಿಮಾಡಿಕೊಂಡ. "ಲೋ, ಆಗಿದ್ದು ಆಗೋಯ್ತು. ನಾಳೆ ಎಂದಿನಂತೆ ಬಂದ್ಬಿಡು."

"ಇಲ್ಲ ಸಾರ್," ಎಂದ ಸ್ಕ್ರೂ. ದನಿಯಲ್ಲಿ ಸಿಟ್ಟಿರಲಿಲ್ಲ. "ಗಿರಾಕಿಗಳೆದುರು ಬ್ಯಾಗ್ ಸುರಿಸಿದ್ರಿ. ನಾಳೆ ಯಾರದ್ದೋ ಸಾಮಾನು ಕಾಣದಿದ್ರೆ ನೀವು ನನ್ನ ಕಡೆ ನೋಡ್ದೇ ಇರ್ತೀರಾ? ನೀವು ನೋಡದಿದ್ರೂ ನಂಗೆ ಹಾಗನ್ಸುತ್ತೆ. ಬೇರೆ ಕಡೆ ಕೇಳಿದೀನಿ."

ಮಾಲೀಕ ಮೆಲ್ಲಗೆ ಎದ್ದು ಸ್ಕ್ರೂವಿನ ಪಕ್ಕದಿಂದ ದಾಟಿ ಹೊರಟುಹೋದ.

"ನೀನಾದ್ರೂ ಹೇಳಬೇಕಿತ್ತಲ್ಲೋ ಮಗನೇ," ಎಂದಳು ತಾಯಿ. "ನನ್ನಿಂದ ನಿನ್ನ ಅನ್ನ ಹೋಯ್ತಲ್ಲ."

"ಹೇಳಿದ್ರೆ ಅಂಕಲ್ ಈ ಹಳೇ ಫ್ಯಾನನ್ನೂ ಬಿಸಾಕ್ತಿದ್ರು ಅಮ್ಮ. ಆಮೇಲೆ ನಿಮಗೇನು ಉಳೀತಿತ್ತು?"

ಭಾವನವರು ತಂದ ನೀರು ಲೋಟದಲ್ಲೇ ಉಳಿಯಿತು. ಈ ಕೇಸು ಬಗೆಹರಿದರೆ ಒಬ್ಬನ ಕೆಲಸ ಉಳಿಯುತ್ತದೆ ಎಂದು ಅವರು ನಂಬಿದ್ದರು. ಗೆದ್ದ ಕೇಸೂ ಹೀಗೆ ಸೋತಂತೆ ಕಾಣಬಹುದು ಎಂದು ಅವರಿಗೆ ಗೊತ್ತಿರಲಿಲ್ಲ. ಧೂಳಕ್ಕನ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು.

ಸ್ಕ್ರೂ ಚಪ್ಪಲಿಯ ಕಡೆ ತಿರುಗಿದ. ಆಗ ಮೆಕ್ಯಾನಿಕ ಎದ್ದು ಹೋಗಿ, ಒಂದು ವರ್ಷದಿಂದ ಯಾರ ಮೈಯನ್ನೂ ಮುಟ್ಟಿರದ ಕೈಯಿಂದ, ಅವನ ತೋಳು ಹಿಡಿದು ಒಳಗೆ ಕರೆತಂದ. ತಾನು ಕುಳಿತಿದ್ದ ಕುರ್ಚಿಯನ್ನೇ ಎಳೆದುಕೊಟ್ಟು, ತಾನು ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕುಳಿತ.

"ಆಡೋವಾಗ ಅವನೊಬ್ಬನೇ ನಗ್ತಿದ್ದ. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ," ಎಂದ. "ನಿನಗೆ ಗೊತ್ತಿರುತ್ತೆ. ಹೇಳಪ್ಪ."

ಸ್ಕ್ರೂ ಆ ತಾಯಿಯ ಮುಖ ನೋಡಿದ. ಅವಳು ಸೆರಗು ಕೆಳಗಿಳಿಸಿ ಕಾಯುತ್ತಿದ್ದಳು.

"ಗೆದ್ದಾಗ ಸುಮ್ಮನಿರ್ತಿದ್ದ ಅಂಕಲ್. ಅವನು ನಗ್ತಿದ್ದಿದ್ದು ಸೋತಾಗ," ಎಂದು ಅವನು ಶುರುಮಾಡಿದ.