ಹಗುರವಾದ ಸರ

ಕಾಯಿ ಸುಲಿಯುವ ಕಬ್ಬಿಣದ ಗೂಟ ನನ್ನ ಗಂಟಲಿನಿಂದ ಒಂದು ಗೇಣು ದೂರದಲ್ಲಿತ್ತು.

ನನ್ನ ಕತ್ತು ರಂಗರಾಜುವಿನ ಕೈಯಲ್ಲಿತ್ತು.

ನಡುಹಗಲು. ಶೆಟ್ಟಿಕೆರೆ ರಸ್ತೆಯ ಕೊಬ್ಬರಿ ಗೋಡೌನ್. ಕೂಗಿದರೂ ಕೇಳುವಂತಿರಲಿಲ್ಲ. ಅಟ್ಟದ ಮೇಲೆ ಆಳುಗಳು ಕಾಯಿ ಉರುಳಿಸುತ್ತಿದ್ದರು... ಗುಡುಗಿದಂತೆ.

"ಬುಡ್ಲಾ ಅವರನ್ನ," ಎಂದ ಅವನ ಧಣಿ, ಗೋಡೌನ್ ಮಾಲೀಕ ಭೀಮರಾಜು. "ಪೇಪರ್‌ನೋರು. ಗಂಟ್ಲಿಲ್ದೆ ಮಾತಾಡೋದೆಂಗೆ?"

ಪೇಪರ್ ಬಿಟ್ಟು ಬಹಳ ದಿನವಾಯಿತು. ಈಗ ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತೇನೆ. ಬೋರ್ಡು ಹಾಕಿಲ್ಲ.

ಈ ಸಲ ಕಳೆದದ್ದು ಬೆಳ್ಳಿ ಮಣಿ ಸರ. ಅದರ ಜಾಡು ಹಿಡಿದು ಬಂದು ಇಲ್ಲಿ ಸಿಕ್ಕಿಬಿದ್ದಿದ್ದೆ. ಚಿಕ್ಕನಾಯಕನಹಳ್ಳಿಯ ಶಿಲ್ಪ ಡಿಸೈನ್ ಮಾಡಿದ್ದು. ಮಣಿಗಳು ಅವಳ ಅಪ್ಪ ತಿಪ್ಪಯ್ಯನವರ ಕೈಕೆಲಸ. ಬೆಳ್ಳಿ ತಗಡನ್ನು ಪುಟ್ಟ ಬಟ್ಟಲಿನಂತೆ ತಟ್ಟಿ, ಒಳಗೊಂದು ಬೆಳ್ಳಿ ಕಾಳು ಹಾಕಿ, ಎರಡು ಬಟ್ಟಲು ಕೂಡಿಸಿ ಬೆಸುಗೆ ಹಾಕುತ್ತಿದ್ದರು. ಅಲ್ಲಾಡಿಸಿದರೆ ಒಣಗಿದ ಕಾಯಿಯೊಳಗಿನ ಕೊಬ್ಬರಿಯಂತೆ ಸದ್ದು ಬರಬೇಕು. ಅದು ಅವರ ಹಠ.

ತಿಪ್ಪಯ್ಯ ಈಗಿಲ್ಲ. ಆ ಮಣಿಗಳೇ ಕೊನೆಯವು.

ಮರುದಿನ ತುಮಕೂರಿಗೆ ಕೈಕೆಲಸದ ಒಡವೆ ಕೊಳ್ಳುವ ಕಂಪನಿಯವರು ಬರುವವರಿದ್ದರು. ಒಂದು ಮಣಿ ಕತ್ತರಿಸಿ ನೋಡುತ್ತಾರೆ. ಎರಕದ್ದಾದರೆ ಶಿಲ್ಪಳ ಹೆಸರು ಅಲ್ಲಿಗೆ ಮುಗಿಯಿತು. ಆರ್ಡರ್ ಭೀಮರಾಜುವಿನ ಹೊಸ ಒಡವೆ ಅಂಗಡಿಗೆ.

ಮೇಜಿನ ಮೇಲೆ ಎರಡು ಸರ. ಒಂದು ಅಸಲಿ. ಇನ್ನೊಂದು ಭೀಮರಾಜು ಎರಕ ಹೊಯ್ಯಿಸಿದ ಗಟ್ಟಿ ಮಣಿಯ ನಕಲಿ. ಅಸಲಿ ಕರಗಿಸಿ ನಕಲಿ ವಾಪಸ್ ಕೊಟ್ಟರೆ ಕಳ್ಳತನದ ಕೇಸೂ ಇಲ್ಲ, ಪೈಪೋಟಿಯೂ ಇಲ್ಲ. ಪಕ್ಕದಲ್ಲೇ ಚಿಪ್ಪಿನ ಇದ್ದಿಲ ಕುಲುಮೆ ಕೆಂಪಗಿತ್ತು.

ಕೆಡಿಸಿದ್ದು ರಂಗರಾಜು. ಎರಡನ್ನೂ ಒಂದೇ ಕವರಿಗೆ ತುರುಕಿ ತಂದಿದ್ದ.

"ಯಾವ್ದ್ಲಾ ಅಸಲಿ?"

"ಎರಡೂ ಬೆಳ್ಳೀನೇ ಕಣಣ್ಣ."

"ತಲೇಲಿ ಏನ್ ತುಂಬ್ಕೊಂಡಿದ್ದೀಯ, ತೆಂಗಿನ್ ನಾರಾ?"

ಭೀಮರಾಜು ರಾಶಿಯಿಂದ ಒಂದು ಕಾಯಿ ಎತ್ತಿದ. ಕಿವಿಯ ಹತ್ತಿರ ಅಲ್ಲಾಡಿಸಿದ. ಪಕ್ಕಕ್ಕೆ ಎಸೆದ. ಕೈಗೆ ಅಂಟಿದ ಅಭ್ಯಾಸ.

"ನೀವೇ ಹೇಳಿ ಮೇಡಂ. ತಿಪ್ಪಯ್ಯಂದು ಯಾವ್ದು?"

ಎರಡನ್ನೂ ಎತ್ತಿಕೊಂಡೆ. ತಿಪ್ಪಯ್ಯನವರ ಮಣಿ ಟೊಳ್ಳೆಂಬುದು ಭೀಮರಾಜುವಿಗೆ ಗೊತ್ತಿರಲಿಲ್ಲ; ಕಿವಿಗೆ ಹಿಡಿದರೆ ಗುಟ್ಟು ಬಿಟ್ಟುಕೊಟ್ಟಂತೆ. ಬೆರಳಲ್ಲೇ ಕೇಳಿಸಿಕೊಂಡೆ. ಎಡಗೈಯದು ಹಗುರ. ಒಳಗೆ ಏನೋ ಅಲುಗಿತು... ಸದ್ದನ್ನು ಅಟ್ಟ ನುಂಗಿತು.

ಭೀಮರಾಜು ನನ್ನ ಮುಖವನ್ನೇ ಓದುತ್ತಿದ್ದ.

ಓದಲಿ ಎಂದು ಬಲಗೈಯ ಸರವನ್ನು ತುಸು ಹೆಚ್ಚು ಹೊತ್ತು ನೋಡಿದೆ. ಆಮೇಲೆ ಎಡಗೈ ಚಾಚಿದೆ.

"ಇದೇ ಅಸಲಿ."

ಅವನು ಎರಡನ್ನೂ ತಕ್ಕಡಿಗೆ ಹಾಕಿದ.

"ಇದು ಹಗುರ."

"ಹಗುರದ್ದೇ ಅಸಲಿ."

ಅವನು ನಕ್ಕ. "ಕೇಳ್ಲಾ ರಂಗ... ತೂಕ ಕಮ್ಮಿ ಇರೋದೇ ಅಸಲಿಯಂತೆ. ಹುಟ್ಟಿದಾಗ್ನಿಂದ ತಕ್ಕಡಿ ಹಿಡ್ದೋನ್ಗೆ ಹೇಳ್ತಾವ್ರೆ."

"ಇರೋದು ಹೇಳ್ದೆ."

"ಹಂಗಾದ್ರೆ ಅದ್ನೇ ಮಡಿಕಳಿ."

ಹಗುರದ್ದು ನನ್ನ ಮಡಿಲಿಗೆ ಬಿತ್ತು. ಭಾರದ್ದು ಕುಲುಮೆಯ ಮೇಲಿನ ಮೂಸೆಗೆ.

"ಬೇಡ ಭೀಮರಾಜಣ್ಣ," ಎಂದೆ. ಒಂದೇ ಸಲ. ಹೆಚ್ಚಾದರೆ ನಾಟಕ.

ಮಣಿಗಳು ಕೆಂಪಾದವು... ಆಕಾರ ಬಿಟ್ಟವು... ಒಂದೇ ಉಂಡೆಯಾದವು.

ಸ್ಕೂಟರ್ ಹತ್ತಿದೆ. ಕನ್ನಡಿಯಲ್ಲಿ ರಂಗರಾಜುವಿನ ಬೈಕು. ವೇಗ ಹೆಚ್ಚಿಸಿದರೆ ಅನುಮಾನ. ಸೋತವರು ಓಡಿಸುವ ಹಾಗೆ ಓಡಿಸಿದೆ. ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಹಿಂದಿರುಗಿದ. ಆಮೇಲಷ್ಟೇ ಉಸಿರು ಬಿಟ್ಟೆ.

ಶಿಲ್ಪ ಸರವನ್ನು ಕಿವಿಗೆ ಹಿಡಿದಳು. ಅಲ್ಲಾಡಿಸಿದಳು. ಕಣ್ಣು ಮುಚ್ಚಿದಳು.

"ಅಪ್ಪಂದೇ ಕಣಕ್ಕ."

ಮರುದಿನ ತುಮಕೂರಿನಲ್ಲಿ ಒಂದು ಮಣಿ ಕತ್ತರಿಸಿದರು. ಬೆಳ್ಳಿ ಕಾಳು ಮೇಜಿನ ಮೇಲೆ ಉರುಳಿತು. ಆರ್ಡರ್ ಶಿಲ್ಪಳದಾಯಿತು.

ಸಂಜೆ ಭೀಮರಾಜುವಿನ ಫೋನ್.

"ಸುಳ್ ಹೇಳ್ಬುಟ್ರಲ್ಲ ಮೇಡಂ."

"ಇಲ್ಲ ಕಣ್ರೀ. ದಿನಾ ಕಾಯಿ ಕಿವಿಗೆ ಹಿಡೀತೀರಿ. ಸರಾನೂ ಹಿಡೀಬೇಕಿತ್ತು."

ಲೈನ್ ಕಟ್ ಆಯಿತು.

ಅಷ್ಟು ವರ್ಷ ಪೇಪರಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ. ಯಾರೂ ನಂಬಲಿಲ್ಲ ಎಂಬ ಕೊರಗಿತ್ತು.

ನಂಬದವನೊಬ್ಬನಿಂದ ಮೊದಲ ಸಲ ಉಪಕಾರವಾಯಿತು.